ಷರಾ

ಸರ್ವೆ ನಂಬರು ನೂರ ಹದಿನೇಳು, ಹಿಸ್ಸಾ ಎರಡು.
ಫಲಾನುಭವಿ: ಸಿರಿಯಮ್ಮ ಕೋಂ ಚಿಕ್ಕೀರಣ್ಣ, ಕಳ್ಳಿಹಟ್ಟಿ,
ಪರಶುರಾಂಪುರ ಹೋಬಳಿ, ಚಳ್ಳಕೆರೆ ತಾಲ್ಲೂಕು.
ಮೂರೆಕರೆ ಹನ್ನೊಂದು ಗುಂಟೆ, ಕೆಂಪು ಮಸಾರಿ,
ಇಳಿಜಾರು ನೂರಕ್ಕೆ ಮೂರು.
ಕಾಮಗಾರಿ: ಸಮಪಾತಳಿ ಬದು.
ಇಷ್ಟನ್ನು ತುಂಬಲು ಐದು ನಿಮಿಷ ಸಾಕಾಯಿತು.
ಕೊನೆಯ ಕಾಲಮ್ಮಿನ ಹೆಸರು ಷರಾ.
ಅಲ್ಲಿ ಪೆನ್ನು ನಿಂತು ಇವತ್ತಿಗೆ ಹದಿನಾರು ದಿನ.

ಮೊದಲ ದಿನ ಟೇಪು, ಮೂರು ಕಾಲಿನ ಲೆವೆಲ್ಲು,
ಹಳೇ ಪೌಡರ್ ಡಬ್ಬಿಯಲ್ಲಿ ಸುಣ್ಣ ತುಂಬಿಕೊಂಡು ಹೋದೆ.
ನಾನು ಗಾಜಿಗೆ ಕಣ್ಣಿಟ್ಟು ಓದುತ್ತಿದ್ದರೆ
ಸಿರಿಯಮ್ಮ ಮುಂದೆ ಮುಂದೆ ನಡೆದಳು, ಬರಿಗಾಲಲ್ಲಿ,
ಶೇಂಗಾ ಕಿತ್ತ ಹೊಲದಲ್ಲಿ ಅಲ್ಲಲ್ಲಿ ಹಿಮ್ಮಡಿ ಊರಿ:
"ನೀರು ಇಲ್ಲಿ ತಿರುಗ್ತೈತೆ. ಇಲ್ಲಿ ಅನುಮಾನಿಸ್ತೈತೆ.
ಇಲ್ಲಿಂದ ಹೊಂಟ್ರೆ ಯಾರ ಮಾತೂ ಕೇಳಂಗಿಲ್ಲ."
ಅರ್ಧ ದಿನದ ಲೆಕ್ಕ ಮುಗಿಸಿ ನೋಡಿದರೆ
ಅವಳ ಹಿಮ್ಮಡಿಗೂ ನನ್ನ ಸುಣ್ಣಕ್ಕೂ
ಒಂದು ಗೇಣು ವ್ಯತ್ಯಾಸ. ಅಳಿಸಿದ್ದು ಸುಣ್ಣವನ್ನೇ.

ತಕರಾರು ಕೆಳಗಿನ ಹೊಲದಿಂದ ಬಂತು.
ಕ್ಯಾತಣ್ಣ, ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಅಡಿಕೆ.
"ಮೇಡಮ್ಮೋರೇ, ಈ ಬದು ಆಗಬಾರ್ದು.
ನಮ್ಮಪ್ಪನ ಕಾಲದಿಂದ ಮಳೆ ಬಂದಾಗೆಲ್ಲ
ಮೇಲಿನ ಗೋಡು ನಮ್ಮ ಹೊಲಕ್ಕೆ ಬತ್ತೈತೆ,
ಬೀಗರು ಬಂದಂಗೆ, ಹೇಳದೆ ಕೇಳದೆ.
ಅದನ್ನ ಸರ್ಕಾರ ಕಾಸು ಕೊಟ್ಟು ತಡೀತೈತಾ?"
ತಮಾಷೆಯಲ್ಲ, ಅವನ ಕಣ್ಣಲ್ಲಿ ನಿಜವಾದ ಅಳಲು.
ಸಿರಿಯಮ್ಮ ನಗಲಿಲ್ಲ. "ಹಂಗಾದ್ರೆ ವಾಪಸ್ ಕೊಡು,
ಸೇರಲ್ಲಿ ಅಳೆದು ಕೊಡು.
ನಮ್ಮತ್ತೆ ಹೊತ್ತು ಹಾಕಿದ ಗೊಬ್ಬರವೂ ಅದ್ರಾಗೈತೆ."

ಮಾರ್ಗಸೂಚಿಯ ನಲವತ್ತು ಪುಟಗಳಲ್ಲಿ
ಮಣ್ಣು ಯಾರದೆಂದು ಎಲ್ಲೂ ಬರೆದಿಲ್ಲ.
ಪಹಣಿಯಲ್ಲಿ ಹೊಲ ಇದೆ, ಹೊಲದೊಳಗಿನ ಮಣ್ಣು ಇಲ್ಲ;
ಅದು ರಾತ್ರೋರಾತ್ರಿ ಎದ್ದು ಹೋದರೂ ಎಕರೆ ಎಕರೆಯೇ.
ಕಚೇರಿಗೆ ಫೋನು ಮಾಡಿದೆ.
"ಒಪ್ಪಿಗೆ ಪತ್ರ ಬರೆಸಿಕೋ" ಎಂದರು ಸಾಹೇಬರು,
"ಈ ತಿಂಗಳು ದಾಟಿದರೆ ಅನುದಾನ ವಾಪಸ್."

ಒಪ್ಪಿಗೆ ಬೇವಿನ ಬುಡದಲ್ಲಿ ಆಯಿತು, ಎರಡು ಸಂಜೆ ಹಿಡಿಯಿತು.
ಮಣ್ಣು ಮೇಲಿರಲಿ, ಮಿಕ್ಕ ನೀರು ಕೆಳಕ್ಕೆ ಬರಲಿ.
ಕೋಡಿ ಕಲ್ಲುಗುಂಡಿನ ಕಡೆಗಲ್ಲ,
ಕ್ಯಾತಣ್ಣನ ನೇರಳೆ ಮರದ ಕಡೆಗೆ.
ಅದಕ್ಕಾಗಿ ಬದು ನಕ್ಷೆ ಬಿಟ್ಟು ಆರು ಅಡಿ ಬಾಗಬೇಕು.
ಬಾಗಿತು. ಹನ್ನೆರಡು ಆಳು, ಒಂಬತ್ತು ದಿನ,
ಕೂಲಿ ನೇರ ಖಾತೆಗೆ. ಅದರಲ್ಲೊಬ್ಬ ಕ್ಯಾತಣ್ಣನೇ.
ಫೋಟೋದಲ್ಲಿ ಫಲಾನುಭವಿ ಒಬ್ಬರೇ ಇರಬೇಕೆನ್ನುತ್ತದೆ ಆ್ಯಪು;
ಅವನು ಪುಟ್ಟಿ ಹಿಡಿದು ಚೌಕಟ್ಟಿನೊಳಗೇ ನಿಂತ,
ಕದಲಲಿಲ್ಲ.

ಭರಣಿ ಮಳೆ ರಾತ್ರಿ ಹನ್ನೊಂದಕ್ಕೆ ಹೊಡೆಯಿತು.
ಬೆಳಿಗ್ಗೆ ಬದುವಿನ ಹಿಂದೆ ಮೊಣಕಾಲುದ್ದ ನೀರು,
ಚಹಾದ ಬಣ್ಣ, ಮೇಲೆ ತೇಲುವ ಶೇಂಗಾ ಸಿಪ್ಪೆ.
ಕೋಡಿ ಹರಿಯುತ್ತಿತ್ತು, ಸಣ್ಣಗೆ ಗೊಣಗುತ್ತ.
ಕ್ಯಾತಣ್ಣ ಕೆಳಗೆ ಕುಕ್ಕರಗಾಲಲ್ಲಿ ಕೂತು
ಬೊಗಸೆ ಒಡ್ಡಿದ, ಬೆರಳು ಸಡಿಲಿಸಿದ, ಅಂಗೈ ನೋಡಿದ.
"ಬರೀ ನೀರು" ಎಂದ,
ಬಂದ ಲಕೋಟೆ ಒಡೆದು ಒಳಗೆ ಕಾಗದ ಸಿಗದವನಂತೆ.

ಸಿರಿಯಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.
ತಳ ಕೆದರಿ ಒಂದು ಪುಟ್ಟಿ ಗೋಡು ತುಂಬಿ
ಬದು ಹತ್ತಿ ಅವನ ಹೊಲಕ್ಕೆ ಸುರಿದಳು, ಧಪ್ಪೆಂದು.
"ತಗೋ. ರೂಢಿ ತಪ್ಪಬಾರ್ದು."

ಈ ಒಂದು ಪುಟ್ಟಿಗೆ ಲೆಕ್ಕ ಶೀರ್ಷಿಕೆ ಇಲ್ಲ.
ಆರು ಅಡಿ ಸೊಟ್ಟಕ್ಕೆ ಬಿಲ್ಲಿನಲ್ಲಿ ಕಡಿತವಾಗಬಹುದು,
ನನಗೆ ನೋಟೀಸೂ ಬರಬಹುದು.
ಅಳತೆ ಪುಸ್ತಕದ ಈ ಹಾಳೆಯ ಮೇಲೆ
ಹೆಬ್ಬೆರಳಗಲ ಕೆಂಪು ಕಲೆ,
ಒರೆಸಿದಷ್ಟೂ ಹರಡಿತು.
ಇವತ್ತು ಬರೆದೆ:

ಬದು ಆರು ಅಡಿ ಬಾಗಿದೆ.
ಸರಿಪಡಿಸುವ ಅಗತ್ಯವಿಲ್ಲ.