ಬಿಡುವ ಹೂ

ಪೆರೇಸಂದ್ರದ ತೋಟ. ಬದುವಿನ ಮೇಲೆ ಕೂತು
ತಮ್ಮ ಬಚ್ಚಪ್ಪ ಬೀಡಿ ಹಚ್ಚಿ ಕೇಳಿದ:
ಈ ಸಲ ಯಾವುದನ್ನ ಬಿಡೋಣಕ್ಕಾ?

ಆಸ್ಟರ್, ಅಂದೆ. ಮೂರೇ ದಿನಕ್ಕೆ ಬಕೆಟ್ಟಿನ ನೀರು ನಾರುತ್ತೆ.
ಬೇಡ, ಅಂದ. ಆ ನೀಲಿ
ನಮ್ಮ ಮನೇಲಿ ಬೇರೆಲ್ಲಿದೆ?

ಸುಗಂಧರಾಜವಾ? ರಾತ್ರಿ ಮೋಟಾರು ಹಾಕೋಕೆ ಹೋದಾಗ
ಟಾರ್ಚು ಸತ್ತರೆ ದಾರಿ ತೋರಿಸೋದು ಅದೇ.

ಉಳಿದದ್ದು ಗ್ಲಾಡಿಯೋಲಸ್.
ವರ್ಷವರ್ಷ ಗೆಡ್ಡೆ ಅಗೆದು, ಒಣಗಿಸಿ, ಅಟ್ಟಕ್ಕೇರಿಸಿ...
ನನ್ನ ಮಂಡಿ ಯಾವತ್ತೋ ತೀರ್ಮಾನ ಮಾಡಿತ್ತು,
ಬಾಯಿಗೆ ಬರೋಕೆ ಇಷ್ಟು ಹೊತ್ತು.

ಎರಡು ಮೂಟೆ ಗೆಡ್ಡೆ ಮಂಚೇನಹಳ್ಳಿಯವರು ಒಯ್ದರು.
ಆ ಪಾತಿಗೆ ಬೀನ್ಸ್ ಹಾಕಿದೆವು.

ಆಷಾಢದಲ್ಲಿ, ಬೀನ್ಸ್ ಸಾಲಿನ ನಡುವೆ
ಕತ್ತಿಯಂಥ ಒಂದೆಲೆ.
ಕಳೆ ಕೀಳುತ್ತಿದ್ದ ಕೈ ಅಲ್ಲಿಗೆ ಬಂದು
ಪಕ್ಕಕ್ಕೆ ಸರೀತು.

ಬಚ್ಚಪ್ಪನಿಗೆ ಹೇಳಿಲ್ಲ.
ಹೋದ ವಾರ ಆ ಸಾಲಿನ ಕಳೆ
ಕಿತ್ತವನು ಅವನೇ.