ಇಡಿ ಬೀಜ

'ಲೇಬರ್ ಆಫೀಸು' ಎಂದಿದ್ದ ಹಲಗೆಗೆ ಬಣ್ಣ ಬಳಿದು
'ಮಾನವ ಸಂಪನ್ಮೂಲ' ಎಂದು ಬರೆದು ಹೋದ
ಕೂಳೂರಿನ ಪೇಂಟರು.
ಒಳಗೆ ಅದೇ ಮೇಜು, ಅದೇ ಸಿಪ್ಪೆ ಸುಟ್ಟ ಹೊಗೆ,
ಹಾಜರಿ ಪುಸ್ತಕದ ಅಂಚಿನಲ್ಲಿ ಅವೇ
ಗೇರೆಣ್ಣೆ ತಿಂದ ಕಪ್ಪು ಹೆಬ್ಬೆಟ್ಟುಗಳು.

ಬೈಕಂಪಾಡಿಯಲ್ಲಿ ಗಾಳಿಗೂ ಶಿಫ್ಟು ಉಂಟು.
ಬೆಳಿಗ್ಗೆ ಗೊಬ್ಬರದ ವಾಸನೆ, ಸಂಜೆ ಮೀನಿನದು,
ನಡುವಿನ ಎಂಟು ಗಂಟೆ ನಮ್ಮದು: ಗೇರುಬೀಜ.

ಕಳೆದ ತಿಂಗಳು ಕದ್ರಿಯ ಹೋಟೆಲಿನಲ್ಲಿ,
ಸೆರಗು ಹೊದೆಯುವಷ್ಟು ಚಳಿಯ ಕೋಣೆಯಲ್ಲಿ,
ಪುಣೆಯಿಂದ ಬಂದವನೊಬ್ಬ ಚಿತ್ರ ಬಿಡಿಸಿದ.
ಮೇಲೆ ಕಂಪೆನಿಯ ಗುರಿ. ಕೆಳಗೆ ಜನ.
ನಡುವೆ ಒಂದು ಕೆಂಪು ಗೆರೆ.
ಆ ಗೆರೆ ನಾನಂತೆ.

'ತುಂಡಿನ ವ್ಯಾಪಾರ ಸಾಕು,' ಎಂದರು ಕಾಮತರು,
'ಇನ್ನು ಐದು ವರ್ಷ ಇಡಿ ಬೀಜ ಮಾತ್ರ.
ಡಬ್ಬಿಯೊಳಗೆ ಹಾಲುಹಲ್ಲಿನ ಹಾಗೆ ಸಾಲಾಗಿ ಕೂತು
ಜಪಾನಿಗೆ ಹೋಗಬೇಕು.'
ಎಲ್ಲರೂ ತಲೆಯಾಡಿಸಿದೆವು.
ಅಷ್ಟರಲ್ಲಿ ಗೋಳಿಬಜೆ ಬಂತು.

ಮಾರನೆಯ ದಿನ ನಾನು ಗೋಡೆಗೆ ಅಂಟಿಸಿದೆ:
'ಒಡೆಯಬೇಡಿ. ಇಡಿ ಬೀಜವೇ ನಮ್ಮ ಹೆಮ್ಮೆ.'
ಮೂರು ತರಬೇತಿ, ಇನ್ನೂರ ಹತ್ತು ಸಹಿ.
(ನನ್ನನ್ನೂ ಅಳೆಯುವುದು ಹಾಗೆಯೇ,
ವರ್ಷದ ಕೊನೆಗೆ, ಸಹಿಗಳ ರಾಶಿಯಲ್ಲಿ.)
ಆ ವಾರ ತುಂಡು ಹೆಚ್ಚಾಯಿತು.

ಯಾಕೆಂದು ಕೇಳಲು ಹೋದವಳು
ಸಿಪ್ಪೆ ಸುಲಿಯುವ ಬೆಂಚಿನಲ್ಲಿ ಒಂದಿಡೀ ದಿನ ಕುಳಿತೆ.
ಅವ್ವಮ್ಮ ನನ್ನ ಕೈ ತಿದ್ದಿದಳು:
'ಚೂರಿ ಒತ್ತಬೇಡಿ ಮೇಡಂ. ಬೀಜ ತಾನಾಗಿ ತಿರುಗಬೇಕು,
ಮಗುವಿನ ಅಂಗಿ ಬಿಚ್ಚಿದ ಹಾಗೆ.'
ಸಂಜೆಗೆ ನನ್ನದು ಎರಡೂವರೆ ಕಿಲೋ, ಎಲ್ಲ ಇಡಿ.
ಪಕ್ಕದ ಫೆಲ್ಸಿಯದು ಹನ್ನೊಂದು,
ಅರ್ಧಕ್ಕರ್ಧ ಎಸಳು, ತುಂಡು, ನುಚ್ಚು.
ತಕ್ಕಡಿಗೆ ಕಣ್ಣಿಲ್ಲ.
ಕೂಲಿ ಕಿಲೋ ಲೆಕ್ಕ.

'ನಿಧಾನ ಮಾಡಿದರೆ ಇಡಿ ಬರ್ತದೆ,
ಅದು ನಮಗೆ ಗೊತ್ತಿಲ್ವಾ?' ಎಂದಳು ಅವ್ವಮ್ಮ,
'ನಿಧಾನಕ್ಕೆ ನೀವು ಎಷ್ಟು ಕೊಡ್ತೀರಿ?'

ಗೋಡೆಯ ಮೇಲೆ ಒಂದು ಕಂಪೆನಿ, ತಕ್ಕಡಿಯಲ್ಲಿ ಇನ್ನೊಂದು.
ಅಕ್ಷರ ಓದಿದವರು ಸಹಿ ಹಾಕಿದರು,
ತಕ್ಕಡಿ ಓದಿದವರು ಕೆಲಸ ಮಾಡಿದರು.

ಕಾಮತರ ಜೊತೆ ಹದಿನಾಲ್ಕು ದಿನದ ಚೌಕಾಸಿ.
ಇಡಿಗೆ ಒಂದು ದರ, ತುಂಡಿಗೆ ಇನ್ನೊಂದು,
ಸದ್ಯ ಒಂದೇ ಸಾಲಿಗೆ, ಒಂದೇ ತಿಂಗಳಿಗೆ.
ನೂರಕ್ಕೆ ಮೂವತ್ತು ಒಡೆಯುತ್ತಿದ್ದದ್ದು ಹದಿನೆಂಟಕ್ಕೆ ಇಳಿಯಿತು.
ಪುಣೆಯವನು ಮೇಲ್ಮುಖದ ಬಾಣ ಕಳಿಸಿದ.
ಅವ್ವಮ್ಮ ಆ ಶನಿವಾರ
ಮಂಗಳೂರು ಬಸ್ಸು ಹಿಡಿದು ಕನ್ನಡಕ ಮಾಡಿಸಿ ಬಂದಳು.

ಫೆಲ್ಸಿ ಮಾತು ಬಿಟ್ಟಳು.
ಕಾರ್ಖಾನೆಗೇ ಚುರುಕಿನ ಕೈ.
ವಾರ್ಷಿಕೋತ್ಸವದಲ್ಲಿ ನಾವೇ ಕೊಟ್ಟ ಸ್ಟೀಲಿನ ಕೊಡ
ಅವಳ ಮನೆಯ ಟಿವಿ ಮೇಲೆ ಇದೆಯಂತೆ,
'ಅತಿ ವೇಗದ ಕೆಲಸಗಾರ್ತಿ' ಎಂದು ಕೆತ್ತಿಸಿಕೊಂಡು.
ನಿನ್ನೆ ಸಂಬಳದ ಚೀಟಿ ಮೇಜಿಗಿಟ್ಟು ನಿಂತಳು.
ಆರುನೂರು ಕಡಿಮೆ.

'ಇಪ್ಪತ್ತಾರು ವರ್ಷ ಬೇಗ ಬೇಗ ಅಂದದ್ದು ನೀವು.
ಈ ಕೈಗೆ ಈಗ ನಿಧಾನ ಕಲಿಸಬೇಕು. ಆಯ್ತು, ಕಲೀತೇನೆ.
ಕಲಿಯುವ ದಿನದ ಕೂಲಿ ಯಾರದ್ದು?'

ಚಿತ್ರದಲ್ಲಿ ಇದಕ್ಕೆ ಬಾಣವಿರಲಿಲ್ಲ.

ಒಂದೇ ಸಾಲು ಟೈಪು ಮಾಡಿದ್ದೇನೆ:
'ಹೊಸ ದರಕ್ಕೆ ಕೈ ಹೊಂದುವ ತನಕ, ಹಳೆಯ ಸಂಪಾದನೆಗೆ ಕಡಿಮೆಯಿಲ್ಲದಂತೆ.'
ಕಾಮತರು ಫೋನಿನಲ್ಲಿದ್ದಾರೆ,
ಬೆರಳೆತ್ತಿ ನಿಲ್ಲಲು ಹೇಳಿದ್ದಾರೆ.
ಕಿಟಕಿಯಾಚೆ ಸುರತ್ಕಲ್ಲಿನ ಬಸ್ಸಿಗೆ ಹೆಂಗಸರು ಓಡುತ್ತಿದ್ದಾರೆ,
ಫೆಲ್ಸಿ ಎಲ್ಲರಿಗಿಂತ ಮುಂದೆ.
ಕಾಗದ ನನ್ನ ಕೈಯಲ್ಲಿ ಬೆವರುತ್ತಿದೆ.
ನಿಂತಿದ್ದೇನೆ.