ಅರ್ಧ ನೇರಳೆ, ಅರ್ಧ ಹಸಿರು

ಹಳೇ ಬೋರ್ಡು ಹೋಗಿದ್ದು ಲಗ್ನದ ಕಾರ್ಡಿನ ನಟ್ಟನಡುವ.
ಪಡದಾ ಕರ್ರಗಾತು. ಡಬ್ಬಿ ಬಿಚ್ಚಿದರ
ನಾಕು ಕೆಪಾಸಿಟರ್ ಹೊಟ್ಟಿ ಉಬ್ಬಿಸಿಕೊಂಡು ನಿಂತಿದ್ವು,
ಒಂದರ ನೆತ್ತಿ ಒಡದು ಕಂದು ಅಂಟು.
ಹದಿಮೂರು ವರ್ಷದಾಗ ಮೈಂದರ್ಗಿಯ ಕರೆಂಟು
ಎಷ್ಟು ಸಲ ಹೋಗಿ ಬಂದದ ಅದರ ಮೈಮ್ಯಾಲ,
ಯಾರು ಎಣಿಸ್ಯಾರ.

ಲಗ್ನದ ಸುಗ್ಗಿ. ಹನ್ನೊಂದು ಕಾರ್ಡು ಬಾಕಿ.
ಮುಂಜಾನಿ ಏಳರ ಎಸ್ಟಿಗಿ ಸೊಲ್ಲಾಪುರಕ್ಕ ಹೋದೆ.
ಕೈಚೀಲದಾಗ ರೊಕ್ಕ, ನೀರಿನ ಬಾಟ್ಲಿ,
ತಂತಿ ಸುತ್ತಿ ಹಳೇ ದುಪಟ್ಟಾದಾಗ ಕಟ್ಟಿದ ಕೀಬೋರ್ಡು.

ಅಂಬಾದಾಸ ಯೆಮುಲನ ಅಂಗಡಿ. ಮನ್ಯಾಗ ತೆಲುಗು,
ಗಿರಾಕಿಗಿ ಮರಾಠಿ, ನನಗ ಮಾತ್ರ
ಅರ್ಧ ಕನ್ನಡ: ಬರ್ರಿ ಅಕ್ಕಾರ, ಕೂಡ್ರಿ.
ಒಂದರ ಮ್ಯಾಲೊಂದು ಪೆಟ್ಟಿಗಿ ಇಳಿಸಿದ.
ಮದ್ಲ ಸಾಕೆಟ್ ಕೂಡಬೇಕ್ರಿ, ಅಂದ,
ಅದು ಕೂಡದಿದ್ರ ಉಳದ ಗುಣ ಎಷ್ಟಿದ್ರೂ ಉಪೇಗಿಲ್ಲ.
ಹೂಂ ಅಂದೆ. ದಿನಾ ಅಂಥಾದ್ದನ್ನ ಅಚ್ಚು ಹಾಕಾಕಿ ನಾನು,
ಕೂಡಿದ್ದೆಷ್ಟು, ಮುರದದ್ದೆಷ್ಟು ಗೊತ್ತದ.

ಇದು ನೋಡ್ರಿ, ರ್‍ಯಾಮಿಗಿ ನಾಕು ಮನಿ.
ಇದರ ಹೀಟ್‌ಸಿಂಕು ನೋಡ್ರಿ, ಗಾಡಿ ಇಂಜಿನ್ ಇದ್ದಂಗ.
ಇದಕ್ಕ ಅಂಚಿನ ತುಂಬ ದೀಪ, ಕೆಂಪು, ನೀಲಿ,
ಬೇಕಾದಾಗ ಬಣ್ಣ ಬದಲ ಮಾಡಬಹುದು.
ಡಬ್ಬಿ ಒಳಗ ದೀಪ ಹತ್ತಿದ್ರ ಯಾರಿಗಿ ಕಾಣಸ್ತದ ತಮ್ಮಾ?
ಕಾಣ್ಲಿ ಅಂತನ ಈಗ ಗಾಜಿನ ಡಬ್ಬಿ ಬಂದಾವ್ರಿ.

ಮಾರಿ ಸಾಕು, ಅಂದೆ. ಬೆನ್ನು ತೋರಸು.

ತಿರುವಿದ. ಚೌಕ ತೂತು, ಚಪ್ಪಟಿ ತೂತು,
ನೀಲಿ ನಾಲಿಗಿ, ಕೆಂಪು ನಾಲಿಗಿ. ದುಂಡನ್ನ ತೂತು ಇಲ್ಲ.
ಇನ್ನೊಂದು. ಇಲ್ಲ.
ಇನ್ನೊಂದು.
ದುಪಟ್ಟಾ ಬಿಚ್ಚಿ ಕೀಬೋರ್ಡು ಕೌಂಟರಿನ ಮ್ಯಾಲ ಇಟ್ಟೆ.
ಇಂಗ್ಲಿಷು ಎಂದೋ ಅಳಸಿ ಹೋಗ್ಯದ,
ಗುಂಡಿ ಗುಂಡಿಗೂ ಉಗುರಿನ ಬಣ್ಣದಾಗ ನಾನ ಬರದ ಅಕ್ಷರ.
ಅ ಮೂರು ಸಲ ತಿದ್ದೀನಿ, ದಪ್ಪಾಗಿ ಬೆರಳಿಗಿ ಹತ್ತತದ.
ಳ ಕ್ಕ ಬ್ಯಾರೆ ಗುಂಡಿ ಇಲ್ಲ,
ಲ ದ ತಲಿಮ್ಯಾಲ ಸಣ್ಣಂದು ಕೂಡಿಸೀನಿ.

ಅಂವ ನಕ್ಕ. ನೂರಾ ಐವತ್ತಕ್ಕ ಕನ್ವರ್ಟರ್ ಸಿಗತದ ಅಕ್ಕಾ.

ಗೊತ್ತದ.
ಹೋದ ವರ್ಷ ಅಕ್ಕನ ಮಗನ ಲ್ಯಾಪ್‌ಟಾಪಿಗಿ ಹಚ್ಚಿದ್ದೆ,
ಲಗೂ ಲಗೂ ಹೊಡದರ ಶಿಫ್ಟು ನುಂಗತಿತ್ತು.
ನಾಗಣಸೂರಿನ ಭೌರಮ್ಮನ ಹಿರೇ ಮಗಳು
ಮೂರು ನೂರು ಕಾರ್ಡಿನಾಗ ಹಿರೇ ಮಗಲು ಆದಳು.
ಅವರು ಒಂದು ಮಾತು ಅನಲಿಲ್ಲ.
ನನ್ನ ಕಡಿಂದನ ಪೆನ್ನು ಇಸಗೊಂಡು, ಅಂಗಡಿ ಕಟ್ಟಿಮ್ಯಾಲ ಕುಂತು,
ತಾಯಿ ಮಗಳು ಇಬ್ರೂ
ಹೊತ್ತು ಮುಣಗೂತನ ತಿದ್ದಿದ್ರು.

ಅಂಬಾದಾಸ ಸುಮ್ಮಾದ. ಏಣಿ ಹತ್ತಿ
ಧೂಳು ಹಿಡದ ಪೆಟ್ಟಿಗಿ ಒಂದು ತಂದ.
ಹಿಂದಿನ ಪೀಳಿಗಿ ಅಕ್ಕಾ. ರ್‍ಯಾಮಿಗಿ ಎರಡ ಮನಿ,
ದೀಪ ಇಲ್ಲ, ಗ್ಯಾರಂಟಿ ಒಂದ ವರ್ಷ.
ಬೆನ್ನು ತಿರುವಿದ.
ಮೂಲ್ಯಾಗ ಒಂದ ಒಂದು ದುಂಡನ್ನ ತೂತು,
ಅರ್ಧ ನೇರಳೆ, ಅರ್ಧ ಹಸಿರು.
ಕೀಬೋರ್ಡು ಬಂದ್ರ ಕೀಬೋರ್ಡು, ಮೌಸ್ ಬಂದ್ರ ಮೌಸ್,
ಯಾರು ಬಂದ್ರೂ ಜಾಗಾ ಕೊಡತದ.
ಇಬ್ರೂ ಒಮ್ಮೆ ಬಂದ್ರ ಆಗಂಗಿಲ್ಲ.

ಇದ ಇರಲಿ, ಅಂದೆ.
ಚೌಕಾಸಿ ಮಾಡಲಿಲ್ಲ. ಮಾಡಬೇಕಿತ್ತು.

ರಾತ್ರಿ ಹನ್ನೊಂದಕ್ಕ, ಎಲ್ಲಾ ತಿರುಪು ಬಿಗದ ಮ್ಯಾಲ ನೆನಪಾತು:
ಹಿಂದ ಕೂಡಿಸೋ ತಗಡಿನ ಪಟ್ಟಿ ಪೆಟ್ಟಿಗ್ಯಾಗ ಇರಲೇ ಇಲ್ಲ.
ತೆರದ ಬೆನ್ನಿನಾಗ ಹಲ್ಲಿ ಹೊಕ್ಕರ?
ಡ್ರಾವರಿನ ತಳದಾಗ ತಿದ್ದಲಾರದ ಉಳದ ಕಾರ್ಡು ನಾಕೈದು ಇದ್ವು,
ದಪ್ಪನ್ನ ಕಾಗದ.
ಬ್ಲೇಡಿಲೆ ಒಂದೊಂದು ತೂತು ಅಳತಿ ನೋಡಿ ಕೊರದೆ,
ಮೂಲ್ಯಾಗ ದುಂಡಂದು. ಹೊರಗಿಂದ ಟೇಪ್ ಹಚ್ಚಿದೆ.
ವರನ ಹೆಸರು ಹೋತು, ಮುಹೂರ್ತ ಹೋತು,
ತೂತಿನ ಬಾಜೂಕ ಅರಿಶಿಣ ಬಣ್ಣದಾಗ
ಹಿರೇ ಮಗಲು, ಅಷ್ಟ ಉಳೀತು.

ಕೀಬೋರ್ಡು ಚುಚ್ಚಿದೆ.
ಮುಂಜಾನಿ ಒಂಬತ್ತಕ್ಕ ಕರಜಗಿಯವರು ಬರತಾರ.